ಲಯ ತಪ್ಪಿದ ಎಂಜಿನ್

ನಾಲ್ವರು ಹೆಗಲು ಕೊಟ್ಟು ಹೊರುವ ಪಲ್ಲಕ್ಕಿಯನ್ನು ನೀವು ಜಾತ್ರೆಗಳಲ್ಲಿ ನೋಡಿರಬಹುದು. ನಾಲ್ವರೂ ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆಯುವಷ್ಟು ಕಾಲ ಪಲ್ಲಕ್ಕಿ ದೋಣಿಯಂತೆ ತೇಲಿಕೊಂಡು ಸಾಗುತ್ತದೆ. ಒಬ್ಬನು ಹೆಗಲು ಜಾರಿಸಿದರೆ ಸಾಕು, ಪಲ್ಲಕ್ಕಿ ಓಲಾಡತೊಡಗುತ್ತದೆ. ಅವನ ಪಾಲಿನ ಭಾರವೂ ಉಳಿದ ಮೂವರ ಮೇಲೆ ಬೀಳುತ್ತದೆ. ನಮ್ಮ ಮನೆಗಳ ಮುಂದೆ ನಿಲ್ಲುವ ಪೆಟ್ರೋಲ್ ಕಾರಿನ ಎಂಜಿನ್ನಿನಲ್ಲಿಯೂ ಸಾಮಾನ್ಯವಾಗಿ ಇಂಥ ಮೂವರೋ ನಾಲ್ವರೋ ಹೊರೆಯಾಳುಗಳಿರುತ್ತಾರೆ. ಅವರೇ ಸಿಲಿಂಡರುಗಳು. ಅವುಗಳಲ್ಲೊಂದು ತನ್ನ ಸರದಿ ಬಂದಾಗ ಕೆಲಸ ಮಾಡದೆ ಸುಮ್ಮನಿದ್ದುಬಿಡುವ ದೋಷವನ್ನು ‘ಮಿಸ್‌ಫೈರ್’ ಎನ್ನುತ್ತಾರೆ. ‘ಎಂಜಿನ್ ಮಿಸ್ಸಿಂಗ್ ಹೊಡೆಯುತ್ತಿದೆ’ ಎಂಬುದು ಇದಕ್ಕೇ ಗ್ಯಾರೇಜಿನ ಮಾತು.

ಈ ದೋಷವನ್ನು ಅರಿಯಬೇಕಾದರೆ ಸಿಲಿಂಡರಿನ ಒಳಗೆ ನಡೆಯುವ ಕೆಲಸವನ್ನು ಮೊದಲು ತಿಳಿಯಬೇಕು. ಜರ್ಮನಿಯ ನಿಕೋಲಾಸ್ ಆಟೊ ಎಂಬವರು 1876ರಲ್ಲಿ ರೂಪಿಸಿದ ನಾಲ್ಕು ಹೊಡೆತಗಳ ಕ್ರಮವೇ ಇಂದಿನ ಪೆಟ್ರೋಲ್ ಕಾರುಗಳಲ್ಲಿಯೂ ಮುಂದುವರಿದು ಬಂದಿದೆ. ಮೊದಲ ಹೊಡೆತದಲ್ಲಿ ಪಿಸ್ಟನ್ ಕೆಳಗಿಳಿದು ಗಾಳಿಯನ್ನೂ ಪೆಟ್ರೋಲನ್ನೂ ಒಳಗೆ ಸೆಳೆದುಕೊಳ್ಳುತ್ತದೆ. ಎರಡನೆಯದರಲ್ಲಿ ಮೇಲೇರಿ ಆ ಮಿಶ್ರಣವನ್ನು ಒತ್ತುತ್ತದೆ. ಮೂರನೆಯದರಲ್ಲಿ ಸ್ಪಾರ್ಕ್ ಪ್ಲಗ್ಗಿನ ಕಿಡಿಯಿಂದ ಮಿಶ್ರಣವು ಹೊತ್ತಿ ಉರಿದು, ಹಿಗ್ಗಿದ ಅನಿಲವು ಪಿಸ್ಟನ್ನನ್ನು ಕೆಳಕ್ಕೆ ತಳ್ಳುತ್ತದೆ. ನಾಲ್ಕನೆಯದರಲ್ಲಿ ಹೊಗೆ ಹೊರಗೆ ಹೋಗುತ್ತದೆ. ಇವುಗಳಲ್ಲಿ ಶಕ್ತಿಯನ್ನು ಕೊಡುವುದು ಮೂರನೆಯ ಹೊಡೆತವೊಂದೇ. ಎಂಜಿನ್ ಎರಡು ಸುತ್ತು ತಿರುಗುವುದರೊಳಗೆ ಪ್ರತಿಯೊಂದು ಸಿಲಿಂಡರಿನಲ್ಲಿಯೂ ಒಂದು ಸಲ ಇದು ನಡೆಯುತ್ತದೆ. ನಿಂತ ಕಾರಿನ ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುತ್ತಿದೆಯೆಂದರೆ, ಒಂದೊಂದು ಸಿಲಿಂಡರಿನಲ್ಲಿ ನಿಮಿಷಕ್ಕೆ 400 ಬಾರಿ, ನಾಲ್ಕರಲ್ಲಿಯೂ ಸೇರಿ 1600 ಬಾರಿ ಬೆಂಕಿ ಹೊತ್ತಬೇಕು. ಹೀಗೆ ಹೊತ್ತಲು ತಕ್ಕ ಪ್ರಮಾಣದ ಮಿಶ್ರಣ, ಸಾಕಷ್ಟು ಒತ್ತಡ, ಸಕಾಲಕ್ಕೆ ಕಿಡಿ ಎಂಬ ಮೂರೂ ಕೂಡಿಬರಬೇಕು. ಇವುಗಳಲ್ಲಿ ಯಾವುದು ತಪ್ಪಿದರೂ ಆ ಸಿಲಿಂಡರಿನ ಲಯ ತಪ್ಪುತ್ತದೆ.

ಲಯ ತಪ್ಪಿದ ಎಂಜಿನ್ನಿನ ಲಕ್ಷಣಗಳು ಮರೆಯಾಗಿ ಉಳಿಯುವಂಥವಲ್ಲ. ನಿಂತಲ್ಲಿಯೇ ಕಾರು ನಡುಗುತ್ತದೆ, ಏರಿನಲ್ಲಿ ಸೊರಗುತ್ತದೆ, ಹೊಗೆಕೊಳವೆಯಿಂದ ತಡೆತಡೆದು ಸದ್ದು ಬರುತ್ತದೆ. ಈಚಿನ ಕಾರುಗಳಲ್ಲಿ ಚಾಲಕನ ಮುಂದೆ ಎಂಜಿನ್ ಚಿತ್ರದ ಹಳದಿ ದೀಪವೂ ಹತ್ತುತ್ತದೆ. ಅದು ಸ್ಥಿರವಾಗಿ ಉರಿಯುತ್ತಿದ್ದರೆ ಬೇಗನೆ ಪರೀಕ್ಷೆ ಮಾಡಿಸಬೇಕೆಂದು ಅರ್ಥ. ಮಿಣುಕುತ್ತಿದ್ದರೆ ಕಾರನ್ನು ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸಬೇಕೆಂದು ಅರ್ಥ.

ಈ ಭೇದವನ್ನು ಅರಿಯದೆ ನಾನೊಮ್ಮೆ ಬೆಲೆ ತೆತ್ತಿದ್ದೇನೆ. ಒಂದು ಮಳೆಗಾಲದಲ್ಲಿ ನಮ್ಮ ಸಂಸಾರ ಮಂಗಳೂರಿನಿಂದ ಹಾಸನಕ್ಕೆ ಹಿಂದಿರುಗುತ್ತಿತ್ತು. ಶಿರಾಡಿ ಘಾಟಿಯ ಏರಿನಲ್ಲಿ ಕಾರು ನಡುಗತೊಡಗಿತು, ದೀಪ ಮಿಣುಕಿತು. ಹಿಂದೆ ಲಾರಿಗಳ ಸಾಲು, ಕಾರಿನಲ್ಲಿ ಮಕ್ಕಳು. ಹೇಗಾದರೂ ಊರು ಸೇರಿದರೆ ಸಾಕೆಂದು, ನಿಲ್ಲಿಸಲು ಜಾಗ ಸಿಕ್ಕಿದ ಮೇಲೂ ನಿಲ್ಲಿಸದೆ ಬಂದೆ. ಉರಿಯದ ಪೆಟ್ರೋಲು ಎಲ್ಲಿಗೆ ಹೋಗುತ್ತದೆಂದು ನಾನು ಯೋಚಿಸಿರಲಿಲ್ಲ. ಹೊಗೆಕೊಳವೆಯ ದಾರಿಯಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಪೆಟ್ಟಿಗೆಯಿದೆ. ಅದರೊಳಗೆ ಜೇನುಗೂಡಿನಂಥ ರಂಧ್ರಗಳ ಮೇಲೆ ಪ್ಲಾಟಿನಂ, ಪೆಲ್ಲೇಡಿಯಂ ಮುಂತಾದ ಬೆಲೆಬಾಳುವ ಲೋಹಗಳ ಲೇಪವಿರುತ್ತದೆ. ಹೊಗೆಯಲ್ಲಿರುವ ವಿಷಾನಿಲಗಳ ಬಹುಭಾಗವನ್ನು ಅದು ಅಪಾಯವಿಲ್ಲದ ಅನಿಲಗಳಾಗಿ ಪರಿವರ್ತಿಸುತ್ತದೆ. ಎಂಜಿನ್ನಿನಲ್ಲಿ ಉರಿಯದ ಪೆಟ್ರೋಲು ಅಲ್ಲಿಗೆ ಹೋಗಿ ಉರಿದು, ಆ ಜೇನುಗೂಡನ್ನೇ ಕರಗಿಸಿತು. ಪ್ರತಿ ಸಿಲಿಂಡರಿಗೆ ಒಂದರಂತೆ, ಪ್ಲಗ್ಗಿಗೆ ವಿದ್ಯುತ್ತನ್ನು ಒದಗಿಸುವ ಕಾಯಿಲ್ ಎಂಬ ಭಾಗವಿರುತ್ತದೆ. ಗ್ಯಾರೇಜಿನವರು ಎರಡನೆಯ ಸಿಲಿಂಡರಿನ ಕಾಯಿಲನ್ನೂ ಕೆಟ್ಟ ಕನ್ವರ್ಟರನ್ನೂ ಬದಲಾಯಿಸಿದರು. ಆದರೆ ಒಂದು ತಿಂಗಳಿಗೇ ನಡುಕ ಮರಳಿತು. ಈ ಸಲ ಪೆಟ್ರೋಲ್ ಪಂಪನ್ನು ಬದಲಾಯಿಸಿದರು, ಅದರಿಂದಲೂ ಪ್ರಯೋಜನವಾಗಲಿಲ್ಲ. ಕೊನೆಗೆ ನಮ್ಮ ಬೀದಿಯ ಹಿರಿಯ ಮೆಕ್ಯಾನಿಕ್ಕರೊಬ್ಬರ ಬಳಿಗೆ ಹೋದೆ. ರೋಗವನ್ನು ತಿಳಿಯುವ ಕ್ರಮವೆಂದರೇನೆಂಬುದನ್ನು ನಾನು ಅಲ್ಲಿ ಕಂಡೆ.

ಕೆಟ್ಟ ಸಿಲಿಂಡರು ಯಾವುದೆಂಬುದು ಅವರ ಮೊದಲ ಪ್ರಶ್ನೆ. ಹಳೆಯ ಕಾರುಗಳಲ್ಲಿ ಎಂಜಿನ್ ನಡೆಯುತ್ತಿರುವಾಗಲೇ ಪ್ಲಗ್ಗುಗಳ ತಂತಿಗಳನ್ನು ಒಂದೊಂದಾಗಿ ಕಳಚಿ ನೋಡುತ್ತಿದ್ದರಂತೆ. ದುಡಿಯುವ ಸಿಲಿಂಡರಿನ ತಂತಿಯನ್ನು ಕಳಚಿದರೆ ನಡುಕ ಹೆಚ್ಚುತ್ತದೆ. ದುಡಿಯದ ಸಿಲಿಂಡರಿನದನ್ನು ಕಳಚಿದರೆ ಏನೂ ವ್ಯತ್ಯಾಸವಾಗುವುದಿಲ್ಲ. ಯಾರು ಇಲ್ಲದಿದ್ದರೂ ಕೆಲಸಕ್ಕೆ ಕುಂದಿಲ್ಲವೋ ಅವನೇ ಸೋಮಾರಿಯೆಂದು ತಿಳಿಯುವಂತೆ! ಈಚಿನ ಕಾರುಗಳಲ್ಲಿ ಹೀಗೆ ಮಾಡಲಾಗದು. ಅವುಗಳ ಕಾಯಿಲುಗಳು ಸಾವಿರಾರು ವೋಲ್ಟುಗಳ ವಿದ್ಯುತ್ತನ್ನು ಹೊಮ್ಮಿಸುತ್ತವೆ. ಅದರ ಬದಲು ಕಾರಿನ ಕಂಪ್ಯೂಟರಿಗೆ ಸ್ಕ್ಯಾನರ್ ಜೋಡಿಸಿ ಸಂಕೇತವನ್ನು ಓದುತ್ತಾರೆ. ‘ಪಿ 0302’ ಎಂದರೆ ಎರಡನೆಯ ಸಿಲಿಂಡರಿನ ದೋಷ; ‘ಪಿ 0300’ ಎಂದರೆ ಇಂಥದೇ ಸಿಲಿಂಡರೆಂದು ಗೊತ್ತಾಗದೆ ಅಲ್ಲಲ್ಲಿ ಕಾಣುವ ದೋಷ.

ಸಂಕೇತವು ಮನೆಯನ್ನು ತೋರಿಸುತ್ತದೆಯೇ ಹೊರತು ಕಳ್ಳನನ್ನು ಹಿಡಿದುಕೊಡುವುದಿಲ್ಲ. ಅದಕ್ಕೆ ಅದಲುಬದಲಿನ ಪರೀಕ್ಷೆಯಿದೆ. ಎಂಜಿನ್ನನ್ನು ನಿಲ್ಲಿಸಿ, ತಣಿದ ಮೇಲೆ ಎರಡನೆಯ ಸಿಲಿಂಡರಿನ ಕಾಯಿಲನ್ನು ಮೂರನೆಯದಕ್ಕೂ ಮೂರನೆಯದನ್ನು ಎರಡನೆಯದಕ್ಕೂ ಹಾಕಿ, ಹಳೆಯ ಸಂಕೇತವನ್ನು ಅಳಿಸಿ, ಎಂಜಿನ್ನನ್ನು ನಡೆಸಬೇಕು. ಸಂಕೇತವು ‘ಪಿ 0303’ ಎಂದು ಬದಲಾದರೆ ದೋಷವು ಕಾಯಿಲಿನ ಜೊತೆಯಲ್ಲಿಯೇ ಸಾಗಿತೆಂದು ತಿಳಿಯಬಹುದು. ಬದಲಾಗದಿದ್ದರೆ ಪ್ಲಗ್ಗನ್ನೂ ಬಳಿಕ ಪೆಟ್ರೋಲನ್ನು ಚಿಮುಕಿಸುವ ಇಂಜೆಕ್ಟರನ್ನೂ ಹೀಗೆಯೇ ಪರೀಕ್ಷಿಸಬೇಕು. ಆದರೆ ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಬೇಕು. ಎರಡನ್ನು ಒಟ್ಟಿಗೆ ಬದಲಾಯಿಸಿದರೆ ಉತ್ತರ ಕೈತಪ್ಪುತ್ತದೆ.

ಕಳಚಿದ ಪ್ಲಗ್ಗಿಗೂ ಬಾಯಿದೆ. ಅದರ ತುದಿ ತಿಳಿಗಂದಾಗಿದ್ದರೆ ಆರೋಗ್ಯ; ಒಣಗಿದ ಮಸಿ ಹತ್ತಿದ್ದರೆ ಪೆಟ್ರೋಲಿನ ಪ್ರಮಾಣ ಹೆಚ್ಚು; ಪೆಟ್ರೋಲಿನಿಂದ ತೊಯ್ದಿದ್ದರೆ ಬಹುಮಟ್ಟಿಗೆ ಕಿಡಿಯ ಅಭಾವ; ಜಿಡ್ಡು ಹತ್ತಿದ್ದರೆ ಒಳಗಿನ ಸವೆತ. ಇವೆಲ್ಲ ನೇರವಾಗಿದ್ದೂ ಸಿಲಿಂಡರು ದುಡಿಯದಿದ್ದರೆ ಒತ್ತಡವನ್ನು ಅಳೆಯಬೇಕು. ಒತ್ತಡ ಕಡಮೆಯಿದ್ದ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಎಣ್ಣೆಯನ್ನು ಬಿಟ್ಟು ಮತ್ತೆ ಅಳೆದಾಗ ಒತ್ತಡ ಏರಿದರೆ ಪಿಸ್ಟನ್ನಿನ ಬಳೆಗಳು ಸವೆದಿವೆಯೆಂದೂ, ಏರದಿದ್ದರೆ ದೋಷವು ವಾಲ್ವುಗಳಲ್ಲಿಯೋ ಮೇಲಿನ ಗ್ಯಾಸ್ಕೆಟ್ಟಿನಲ್ಲಿಯೋ ಇದೆಯೆಂದೂ ಊಹಿಸಬಹುದು.

ನಮ್ಮ ಕಾರಿನಲ್ಲಿ ಅಷ್ಟು ದೂರ ಹೋಗಬೇಕಾಗಲಿಲ್ಲ. ಸಂಕೇತವು ಕಾಯಿಲಿನ ಬೆನ್ನುಹತ್ತಿ ಮೂರನೆಯ ಸಿಲಿಂಡರಿಗೆ ಹೋಯಿತು. ಆದರೆ ಆ ಹಿರಿಯರು ಅಲ್ಲಿಗೇ ನಿಲ್ಲದೆ, ಎರಡನೆಯ ಪ್ಲಗ್ಗು ಕೂರುವ ಕುಳಿಯೊಳಗೆ ಟಾರ್ಚಿನ ಬೆಳಕು ಬಿಟ್ಟರು.

“ಇಲ್ಲಿ ನೋಡಿ ಮೇಷ್ಟ್ರೇ, ಎಣ್ಣೆ ನಿಂತಿದೆ. ಕಾಯಿಲ್ ಸತ್ತದ್ದು ನಿಜ. ಅದನ್ನು ಕೊಂದದ್ದು ಈ ಎಣ್ಣೆ” ಎಂದರು.

ಎಂಜಿನ್ನಿನ ಮೇಲಿನ ಟ್ಯಾಪೆಟ್ ಕವರಿನ ರಬ್ಬರು ಗ್ಯಾಸ್ಕೆಟ್ ಹಳತಾಗಿ ಬಿರುಕುಬಿಟ್ಟಿತ್ತು. ಅಲ್ಲಿಂದ ಜಿನುಗಿದ ಎಣ್ಣೆ ಕಾಯಿಲಿನ ರಬ್ಬರು ಕೊಳವೆಯನ್ನು ಮೆತ್ತಗಾಗಿಸಿತ್ತು. ಆ ಕೊಳವೆ ಸೀಳಿದಲ್ಲಿಂದ ವಿದ್ಯುತ್ತು ಪ್ಲಗ್ಗಿನ ತುದಿಯನ್ನು ತಲಪದೆ ಪಕ್ಕದ ಲೋಹಕ್ಕೆ ಹಾರಿಹೋಗುತ್ತಿತ್ತು. ಅವರು ಕುಳಿಯನ್ನು ಶುಚಿಮಾಡಿ, ಗ್ಯಾಸ್ಕೆಟ್ಟನ್ನೂ ಕಾಯಿಲನ್ನೂ ಪ್ಲಗ್ಗನ್ನೂ ಹೊಸದಾಗಿ ಹಾಕಿದರು. ಪ್ಲಗ್ಗನ್ನು ಮೊದಲು ಬರಿಗೈಯಿಂದ ತಿರುಗಿಸಿ, ಮರೆ ಸರಿಯಾಗಿ ಕೂತಿತೆಂದು ಖಚಿತವಾದ ಮೇಲೆಯೇ ಸ್ಪ್ಯಾನರಿಗೆ ಕೈಹಚ್ಚಿದರು. ಅಲ್ಯೂಮಿನಿಯಮ್ಮಿನ ಮರೆ ಕೆಟ್ಟರೆ ಸಣ್ಣ ಕೆಲಸವೇ ದೊಡ್ಡ ರಿಪೇರಿಯಾಗುತ್ತದೆ.

ಆ ಬಳಿಕ ಕಾರು ಮತ್ತೆ ನಡುಗಲಿಲ್ಲ. ಬಿರುಕುಬಿಟ್ಟ ಆ ರಬ್ಬರಿನ ಬೆಲೆ ಕೆಲವು ನೂರು ರೂಪಾಯಿ. ಅದನ್ನು ಕಾಣದೆ ನಾನು ತೆತ್ತದ್ದು ಹಲವು ಸಾವಿರ. ಕೆಟ್ಟದ್ದನ್ನು ಬದಲಾಯಿಸುವುದು ಅರ್ಧ ರಿಪೇರಿ. ಅದು ಏಕೆ ಕೆಟ್ಟಿತೆಂದು ಕೇಳಿ ತಿಳಿದಾಗಲೇ ರಿಪೇರಿ ಪೂರ್ಣವಾಗುತ್ತದೆ.