ಸಂಬಳವೂ ಭಕ್ಷೀಸೂ

ದೊಮ್ಮಲೂರಿನ ಚೊಕ್ಕನಾಥಸ್ವಾಮಿ ದೇವಾಲಯದಲ್ಲಿ ಹದಿಮೂರನೆಯ ಶತಮಾನದ ತಮಿಳು ಶಾಸನಗಳಿವೆ. ದೇವರಿಗೆ ಬಿಟ್ಟ ದತ್ತಿಗಳ ವಿವರ ಅವುಗಳಲ್ಲಿ ದಾಖಲಾಗಿದೆ. ಅದೇ ಊರಿನ ಹೋಟೆಲುಗಳಲ್ಲಿ ದಿನವೂ ನಡೆಯುವ ಮತ್ತೊಂದು ಬಗೆಯ ಕೊಡುಗೆಗೆ ಮಾತ್ರ ಶಾಸನವೂ ಇಲ್ಲ, ರಸೀದಿಯೂ ಇಲ್ಲ. ಊಟ ಮುಗಿಸಿದವನು ಬಿಲ್ಲಿನ ತಟ್ಟೆಯಲ್ಲಿ, ಸೋಂಪು ಕಾಳಿನ ಪಕ್ಕದಲ್ಲಿ, ಹತ್ತೋ ಇಪ್ಪತ್ತೋ ರೂಪಾಯಿ ಬಿಟ್ಟು ಏಳುತ್ತಾನೆ. ಅದೇ ಭಕ್ಷೀಸು. ಪಾರಸಿಯಿಂದ ಬಂದ ಈ ಪದಕ್ಕೆ ಕೊಡುಗೆ ಎಂದೇ ಅರ್ಥ.

ಕೊಡುಗೆಯೆಂದರೆ ಮನಸ್ಸಿದ್ದರೆ ಕೊಡುವಂಥದು. ಹೋಟೆಲುಗಳು ಸೇವಾ ಶುಲ್ಕವನ್ನು ಬಿಲ್ಲಿಗೆ ತಾವಾಗಿಯೇ ಸೇರಿಸಬಾರದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2022ರ ಜುಲೈ ತಿಂಗಳಲ್ಲಿ ಸೂಚಿಸಿತು. 2025ರ ಮಾರ್ಚಿಯಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಗ್ರಾಹಕನ ದೃಷ್ಟಿಯಿಂದ ಇದು ನ್ಯಾಯವೇ ಸರಿ. ಹೋಟೆಲಿನ ಮಾಣಿಯ ದುಡಿಮೆ ಎಲ್ಲರ ಕಣ್ಣಿಗೆ ಕಾಣುವಂಥದು. ಸಾಂಬಾರು ಬಿಸಿಯಾಗಿತ್ತೋ ಇಲ್ಲವೋ ಎಂದು ಯಾರಾದರೂ ಹೇಳಬಲ್ಲರು. ಆದರೆ ಸೇವೆಯನ್ನು ಪಡೆದವನಿಗೇ ಅದರ ಬೆಲೆ ತಿಳಿಯದಿದ್ದರೆ? ಅಂಥ ವೃತ್ತಿಯೊಂದು ನಮ್ಮ ನಾಡಿನ ಕಡಲಿನಲ್ಲಿಯೇ ಇದೆ.

ದೊಮ್ಮಲೂರು, ಇಂದಿರಾನಗರಗಳ ಕಚೇರಿಗಳಲ್ಲಿ ದುಡಿಯುವ ತರುಣರು ವಾರಾಂತ್ಯದಲ್ಲಿ ರಾತ್ರಿಯ ಬಸ್ಸು ಹತ್ತಿ ಮುರುಡೇಶ್ವರಕ್ಕೆ ಹೋಗುವುದುಂಟು. ಅಲ್ಲಿನ ದಂಡೆಯಿಂದ ಸುಮಾರು 19 ಕಿಲೋಮೀಟರು ದೂರದಲ್ಲಿ ನೇತ್ರಾಣಿ ದ್ವೀಪವಿದೆ. ದೋಣಿಯಲ್ಲಿ ಅಲ್ಲಿಗೆ ಸಾಗಿ, ಗಾಳಿಯ ಸಿಲಿಂಡರನ್ನು ಬೆನ್ನಿಗೇರಿಸಿಕೊಂಡು, ಹವಳವನ್ನೂ ಬಣ್ಣದ ಮೀನುಗಳನ್ನೂ ನೋಡಲು ನೀರಿಗಿಳಿಯುತ್ತಾರೆ. ಕೆಲವರಿಗೆ ಈಜು ಕೂಡ ಬಾರದು. ಅವರನ್ನು ಇಳಿಸಿ, ಕಾದು, ಮತ್ತೆ ಮೇಲಕ್ಕೆ ತರುವವನೇ ಮುಳುಗು ಮಾರ್ಗದರ್ಶಿ.

ನೀರಿನೊಳಗೆ ಮಾತಿಲ್ಲ, ಕೈಸನ್ನೆಯೇ ಭಾಷೆ. ಅಲ್ಲಿ ಹೆಬ್ಬೆರಳನ್ನೆತ್ತಿದರೆ 'ಭೇಷ್' ಎಂದಲ್ಲ, 'ಮೇಲಕ್ಕೆ ಹೋಗೋಣ' ಎಂದರ್ಥ. 10 ಮೀಟರು ಇಳಿದರೆ ಒತ್ತಡವು ಮೇಲ್ಮೈಯಲ್ಲಿದ್ದುದರ ಎರಡರಷ್ಟಾಗುತ್ತದೆ. ಪ್ರತಿ ಉಸಿರಿಗೂ ಅಷ್ಟೇ ಹೆಚ್ಚು ಗಾಳಿ ವ್ಯಯವಾಗಿ ಸಿಲಿಂಡರು ಬೇಗ ಬರಿದಾಗುತ್ತದೆ. ಮೊದಲ ಬಾರಿಗೆ ಇಳಿಯುವವರನ್ನು 12 ಮೀಟರಿಗಿಂತ ಆಳಕ್ಕೆ ಒಯ್ಯಬಾರದೆಂಬುದು ಈ ವೃತ್ತಿಯ ಕಟ್ಟಳೆ. ಗಾಬರಿಗೊಂಡವನು ಉಸಿರು ಬಿಗಿಹಿಡಿದು ಸರ್ರನೆ ಮೇಲೇರಿದರೆ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶವೇ ಹರಿಯಬಹುದು. ಆಳದಲ್ಲಿ ಬಹಳ ಹೊತ್ತು ಕಳೆದು ಅವಸರದಿಂದ ಮೇಲೆ ಬಂದವನ ರಕ್ತದಲ್ಲಿ, ಸೋಡಾ ಬಾಟಲಿಯ ಗೋಲಿಯನ್ನು ಒತ್ತಿದಾಗ ಆಗುವಂತೆ, ಕರಗಿದ್ದ ಸಾರಜನಕವು ಗುಳ್ಳೆಗಳಾಗಿ ಏಳುತ್ತದೆ. ಆದುದರಿಂದ ಅತಿಥಿಯು ಮೀನನ್ನು ನೋಡುತ್ತಿರುವಾಗ ಮಾರ್ಗದರ್ಶಿಯು ಅತಿಥಿಯ ಗಾಳಿಯ ಮಾಪಕವನ್ನು ನೋಡುತ್ತಿರುತ್ತಾನೆ.

ತೊಡಕು ಇರುವುದು ಇಲ್ಲಿಯೇ. ಆಗಷ್ಟೇ ಆಮೆಯೊಂದು ಕಣ್ಣಿಗೆ ಬಿದ್ದಿದೆ. ಅತಿಥಿಗೆ ಇನ್ನೈದು ನಿಮಿಷ ಇರುವ ಆಸೆ. ಮಾರ್ಗದರ್ಶಿ ಹೆಬ್ಬೆರಳೆತ್ತುತ್ತಾನೆ. ದೋಣಿಗೆ ಮರಳಿದ ಅತಿಥಿ ಮುಖ ಸಿಂಡರಿಸುತ್ತಾನೆ, ಭಕ್ಷೀಸು ಅರ್ಧಕ್ಕಿಳಿಯುತ್ತದೆ. ಕೈತಪ್ಪಿದ ಆಮೆ ಅವನ ನೆನಪಿನಲ್ಲಿದೆ. ತಪ್ಪಿಹೋದ ಆಪತ್ತು ಅವನಿಗೆ ಗೊತ್ತೇ ಇಲ್ಲ. ಸಾಕಷ್ಟು ಸಂಬಳವುಳ್ಳವನು ಇದನ್ನು ನಕ್ಕು ಸಹಿಸಬಹುದು. ಭಕ್ಷೀಸಿನಿಂದಲೇ ಮನೆ ನಡೆಸಬೇಕಾದವನಿಗೆ ಆ ಐದು ನಿಮಿಷವನ್ನು ಕೊಟ್ಟುಬಿಡುವ ಮನಸ್ಸಾದರೆ ಆಶ್ಚರ್ಯವೇನು?

ಅಮೆರಿಕದ ಬಾಡಿಗೆ ದೋಣಿಗಳಲ್ಲಿ ಮಾರ್ಗದರ್ಶಿಗೆ ಭಕ್ಷೀಸು ಕೊಡುವುದು ಬಲವಾದ ರೂಢಿ. ಅಲ್ಲಿಯ ಕೇಂದ್ರ ಕಾನೂನಿನಂತೆ, ಭಕ್ಷೀಸು ಪಡೆಯುವ ಕೆಲಸಗಾರನಿಗೆ ಮಾಲೀಕನು ಗಂಟೆಗೆ 2.13 ಡಾಲರು ಕೊಟ್ಟರೂ ಸಾಕು. ಭಕ್ಷೀಸು ಸೇರಿ ಕನಿಷ್ಠ ವೇತನವಾದ 7.25 ಡಾಲರು ತುಂಬಿದರಾಯಿತು. 1991ರಲ್ಲಿ ನಿಗದಿಯಾದ ಆ 2.13 ಡಾಲರು 2025ರಲ್ಲಿಯೂ ಹಾಗೆಯೇ ಇತ್ತು. ಮಾಲೀಕನು ಕೊಡಬೇಕಾದ ಹಣವನ್ನು ಹೀಗೆ ಅತಿಥಿಯ ಔದಾರ್ಯಕ್ಕೆ ಒಪ್ಪಿಸಿದ ಮೇಲೆ, ಅದನ್ನು ಕೊಡುಗೆಯೆಂದು ಕರೆಯುವುದು ಕಷ್ಟ.

ನೇತ್ರಾಣಿಯಲ್ಲಿ ಇನ್ನೊಂದು ತೊಂದರೆಯೂ ಉಂಟು. ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆಗಾಲದ ಕಡಲು ಕೆರಳಿರುತ್ತದೆ; ಮುಳುಗುವವರ ದೋಣಿಗಳು ದ್ವೀಪದ ಕಡೆಗೆ ಹೋಗುವುದಿಲ್ಲ. ಭಕ್ಷೀಸು ಕೊಡುವವರೂ ಬರುವುದಿಲ್ಲ. ಆ ತಿಂಗಳುಗಳಲ್ಲಿ ಮಾರ್ಗದರ್ಶಿಯ ಮನೆಯ ಅಕ್ಕಿಬೇಳೆಗೆ ಸಂಬಳವೊಂದೇ ಆಧಾರ, ಅದೂ ಮಳೆಗಾಲಕ್ಕೂ ಕೊಡಲು ಮಾಲೀಕನು ಒಪ್ಪಿದ್ದರೆ.