ಇಪ್ಪತ್ತೈದು ಮಂದಿ, ಎಷ್ಟು ವಾದ್ಯ?

ಬ್ರಿಟನ್ನಿನ ಬ್ರಾಸ್ ಬ್ಯಾಂಡ್ ಸ್ಪರ್ಧೆಗಳಲ್ಲಿ ವೇದಿಕೆ ಏರಿದ ವಾದಕನು ತನಗೆ ಗೊತ್ತುಪಡಿಸಿದ ಒಂದೇ ವಾದ್ಯಕ್ಕೆ ಅಂಟಿಕೊಂಡಿರಬೇಕೇ, ಇಲ್ಲವೇ ಕೃತಿ ಬೇಡಿದ ಕಡೆ ಇನ್ನೊಂದನ್ನೂ ಕೈಗೆತ್ತಿಕೊಳ್ಳಬಹುದೇ ಎಂಬ ಚರ್ಚೆಯು ಈ ಬ್ಯಾಂಡುಗಳ ಕಟ್ಟುನಿಟ್ಟಾದ ರಚನೆಯನ್ನು ಅರಿಯದ ಹೊರತು ಅರ್ಥವಾಗುವಂಥದ್ದಲ್ಲ. ಕನ್ನಡಿಗರಿಗೆ ಪರಿಚಿತವಾದ ಮದುವೆ ಮೆರವಣಿಗೆಯ ಬ್ಯಾಂಡ್‌ಸೆಟ್ಟಿನಲ್ಲಿ ಕ್ಲಾರಿಯೋನೆಟ್, ಸ್ಯಾಕ್ಸೋಫೋನ್, ಟ್ರಂಪೆಟ್‌ಗಳು ಒಟ್ಟಾಗಿ ಹೆಜ್ಜೆಹಾಕುತ್ತವೆ. ಬ್ರಿಟನ್ನಿನ ಸ್ಪರ್ಧಾ ಬ್ಯಾಂಡಿನಲ್ಲಿ ಈ ಮೂರಕ್ಕೂ ಜಾಗವಿಲ್ಲ.

ಆ ಬ್ಯಾಂಡಿನಲ್ಲಿ ಊದುವವರು ಸಾಮಾನ್ಯವಾಗಿ 25 ಮಂದಿ. ಟ್ರಂಪೆಟ್ಟಿನ ಮೃದುದನಿಯ ಸೋದರಿಯಂತಿರುವ ಕಾರ್ನೆಟ್ಟುಗಳು ಹತ್ತು, ಅವುಗಳಲ್ಲಿ ಒಂದು ತಾರಸ್ವರದ ಸೊಪ್ರಾನೊ. ಇನ್ನಷ್ಟು ಮೆತ್ತನೆಯ ನಾದದ ಫ್ಲೂಗಲ್‌ಹಾರ್ನ್ ಒಂದು. ಟೆನರ್ ಹಾರ್ನ್ ಮೂರು. ಬ್ಯಾರಿಟೋನ್ ಮತ್ತು ಯೂಫೋನಿಯಂ ಎರಡೆರಡು. ಕೊಳವೆಯನ್ನು ಜಾರಿಸಿ ಸ್ವರ ಹಿಡಿಯುವ ಟ್ರಾಂಬೋನ್ ಮೂರು. ತಳದಲ್ಲಿ ಮಂದ್ರ ಸ್ವರದ ನಾಲ್ಕು ಬೇಸ್‌ಗಳು, ಅಂದರೆ ಟ್ಯೂಬಾಗಳು. ಸಂಗೀತದ ಯಾವ ತತ್ತ್ವವೂ ಈ ಎಣಿಕೆಯನ್ನು ವಿಧಿಸಿಲ್ಲ. ಎಲ್ಲ ಬ್ಯಾಂಡುಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕಾದ ಸ್ಪರ್ಧೆಯ ಅಗತ್ಯವೇ ಕಾಲಕ್ರಮದಲ್ಲಿ ಇದನ್ನು ಗಟ್ಟಿಮಾಡಿತು.

ಮ್ಯಾಂಚೆಸ್ಟರಿನ ಬೆಲ್ ವ್ಯೂ ಉದ್ಯಾನದಲ್ಲಿ 1853ರಲ್ಲಿ ಸ್ಪರ್ಧೆ ಆರಂಭವಾದಾಗ ಈ ಅಚ್ಚುಕಟ್ಟು ಇನ್ನೂ ರೂಪುಗೊಂಡಿರಲಿಲ್ಲ. ಅಂದು ಗೆದ್ದ ಮಾಸ್ಲಿ ಟೆಂಪರೆನ್ಸ್ ಸ್ಯಾಕ್ಸ್‌ಹಾರ್ನ್ ಬ್ಯಾಂಡು ತನ್ನ ಹೆಸರಿನಲ್ಲಿಯೇ ಹೊಸ ವಾದ್ಯವೊಂದನ್ನು ಹೊತ್ತಿತ್ತು: ಬೆಲ್ಜಿಯಂ ಮೂಲದ ವಾದ್ಯಶಿಲ್ಪಿ ಅಡಾಲ್ಫ್ ಸ್ಯಾಕ್ಸ್ ರೂಪಿಸಿದ, ವಾಲ್ವ್‌ಗಳುಳ್ಳ ಸ್ಯಾಕ್ಸ್‌ಹಾರ್ನ್ ಕುಟುಂಬವನ್ನು. ಇಂದಿನ ಟೆನರ್ ಹಾರ್ನ್, ಬ್ಯಾರಿಟೋನ್‌ಗಳು ಅದೇ ವಂಶದವು. ಅದೇ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದ ಸ್ಯಾಕ್ಸೋಫೋನ್ ಮಾತ್ರ, ಮೈಯೆಲ್ಲ ಹಿತ್ತಾಳೆಯಾದರೂ ನಾದ ಹೊಮ್ಮಿಸಲು ರೀಡ್ ಎಂಬ ತೆಳು ಪಟ್ಟಿಯನ್ನು ಅವಲಂಬಿಸುವುದರಿಂದ, ಈ ಬ್ಯಾಂಡಿನ ಹೊರಗುಳಿಯಿತು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿ ಮಾರುಹೋದ ಕದ್ರಿ ಗೋಪಾಲನಾಥರು ಮುಂದೆ ಅದನ್ನು ಕರ್ನಾಟಕ ಸಂಗೀತದ ಕಛೇರಿಗೇ ಒಗ್ಗಿಸಿದರೆಂಬುದನ್ನು ನೆನೆದರೆ, ವಾದ್ಯಗಳ ಕುಲಗೋತ್ರದ ಬಗೆಗಿನ ಬ್ಯಾಂಡುಗಳ ಬಿಗುಮಾನ ತುಸು ವಿಚಿತ್ರವಾಗಿಯೇ ತೋರುತ್ತದೆ.

ಹೊಸ ವಾದ್ಯಕ್ಕೆ ಬಾಗಿಲು ತೆರೆದ ಪ್ರಸಂಗಗಳಲ್ಲಿ ತಾಳವಾದ್ಯಗಳದು ಎಲ್ಲಕ್ಕಿಂತ ಸ್ಪಷ್ಟವಾದ ನಿದರ್ಶನ. ಬೀದಿಯ ನಡಿಗೆಯಲ್ಲಿ ಡ್ರಮ್ ಬಾರಿಸುತ್ತಿದ್ದ ಬ್ಯಾಂಡುಗಳು ಸ್ಪರ್ಧೆಯ ವೇದಿಕೆಗೆ ಬಂದಾಗ ಅದನ್ನು ಹೊರಗಿಡಬೇಕಾಗಿತ್ತು. 1969ರ ಬೆಲ್ ವ್ಯೂ ಸ್ಪರ್ಧೆಗೆ ಗಿಲ್ಬರ್ಟ್ ವಿಂಟರ್ ಅವರ ‘ಸ್ಪೆಕ್ಟ್ರಮ್’ ಕಡ್ಡಾಯ ಕೃತಿಯಾದಾಗ ಆ ನಿರ್ಬಂಧ ಸಡಿಲಿತು. ಇಂದು ಟಿಂಪನಿ, ಝೈಲೋಫೋನ್‌ಗಳಿಲ್ಲದ ಸ್ಪರ್ಧಾಕೃತಿಯನ್ನು ಊಹಿಸುವುದೇ ಕಷ್ಟ. ಆದರೆ ಈ ಸಿರಿ ಪುಕ್ಕಟೆಯಾಗಿ ಒದಗಲಿಲ್ಲ: ಅವುಗಳನ್ನು ಕೊಳ್ಳುವ, ಸಾಗಿಸುವ, ಬಾರಿಸಲು ಕಲಿತವರನ್ನು ಹುಡುಕುವ ಹೊರೆ, ಸಂಬಳವಿಲ್ಲದ ಹವ್ಯಾಸಿಗಳನ್ನೇ ನೆಚ್ಚಿದ ಚಿಕ್ಕ ಊರಿನ ಬ್ಯಾಂಡುಗಳ ಮೇಲೂ ಬಿತ್ತು.

ಊದುವವನು ವಾದ್ಯ ಬದಲಿಸುವುದು ಇದಕ್ಕಿಂತ ಸುಲಭ. ಬೇಸ್ ಟ್ರಾಂಬೋನ್ ಒಂದನ್ನು ಬಿಟ್ಟು ಉಳಿದೆಲ್ಲ ಊದುವ ವಾದ್ಯಗಳ ಸ್ವರಲಿಪಿಯನ್ನೂ ಬ್ರಾಸ್ ಬ್ಯಾಂಡಿನಲ್ಲಿ ಒಂದೇ ಕ್ರಮದಲ್ಲಿ ಬರೆಯುವ ರೂಢಿಯಿರುವುದರಿಂದ, ಹಾಳೆಯ ಮೇಲಿನ ಸ್ವರಕ್ಕೆ ಯಾವ ವಾಲ್ವ್ ಒತ್ತಬೇಕೆಂಬ ಲೆಕ್ಕ ಕಾರ್ನೆಟ್ಟಿನಿಂದ ಟ್ಯೂಬಾವರೆಗೆ ಬದಲಾಗುವುದಿಲ್ಲ. ಆದ್ದರಿಂದ ಕಾರ್ನೆಟ್ ವಾದಕನು ಫ್ಲೂಗಲ್‌ಹಾರ್ನ್ ಹಿಡಿದರೆ ಬೆರಳುಗಳಿಗೆ ಹೊಸ ಪಾಠವಿಲ್ಲ. ತೊಡಕಿರುವುದು ತುಟಿಯಲ್ಲಿ ಮತ್ತು ಲೋಹದ ತಂಪಿನಲ್ಲಿ. ಅಗಲ, ಆಳ ಬೇರೆಯಾದ ಮೌತ್‌ಪೀಸಿಗೆ ತುಟಿ ಕ್ಷಣದಲ್ಲಿ ಹೊಂದಿಕೊಳ್ಳಬೇಕು. ಬಳಸದೆ ಸ್ಟ್ಯಾಂಡಿನ ಮೇಲೆ ನಿಂತಿದ್ದ ವಾದ್ಯ ತಣಿದು ಶ್ರುತಿ ಇಳಿದಿರುತ್ತದೆ. ಅನುಭವಿ ವಾದಕನು ತನ್ನ ಸರದಿಗೆ ಮುನ್ನ ಅದರೊಳಗೆ ಸದ್ದಿಲ್ಲದೆ ಬಿಸಿ ಉಸಿರು ಹಾಯಿಸಿ ಬೆಚ್ಚಗಾಗಿಸಿಕೊಳ್ಳುವುದು ಇದಕ್ಕಾಗಿಯೇ.

ವಿರೋಧಿಗಳ ಶಂಕೆಗೆ ತೀರ್ಪಿನ ವಿಧಾನವೇ ನೆಲೆ. ಪಕ್ಷಪಾತ ತಪ್ಪಿಸಲೆಂದು ತೀರ್ಪುಗಾರರು ಪರದೆ ಮುಚ್ಚಿದ ಮರೆಯಲ್ಲಿ, ಕೃತಿಯ ಪ್ರತಿಯನ್ನು ಮುಂದಿಟ್ಟುಕೊಂಡು ಕುಳಿತು, ಸೀಟಿ ಊದಿ ತಾವು ಸಿದ್ಧವೆಂದು ತಿಳಿಸುವ ಪದ್ಧತಿ ಇಲ್ಲಿ ಬಹುಕಾಲದಿಂದ ಬಂದಿದೆ. ಅವರಿಗೆ ಕೇಳಿಸುತ್ತದೆಯೇ ಹೊರತು ಕಾಣಿಸುವುದಿಲ್ಲ. ಹೀಗಿರುವಾಗ ಸೊಪ್ರಾನೊ ಕಾರ್ನೆಟ್ಟಿನ ಎದೆ ನಡುಗಿಸುವ ಎತ್ತರದ ಸ್ವರವನ್ನು ಇನ್ನೊಂದು ಅನುಕೂಲದ ವಾದ್ಯಕ್ಕೆ ಸದ್ದಿಲ್ಲದೆ ದಾಟಿಸಿದರೆ, ಸ್ಪರ್ಧೆ ಪರೀಕ್ಷಿಸಬೇಕಾದ ಕೌಶಲವೇ ತಪ್ಪಿಸಿಕೊಂಡಂತಾಗುತ್ತದೆ. ಈ ಆಕ್ಷೇಪ ತಳ್ಳಿಹಾಕುವಂಥದ್ದಲ್ಲ. ಆದರೆ ಅದು ಬ್ಯಾಂಡು ತನ್ನ ದೌರ್ಬಲ್ಯ ಮುಚ್ಚಲು ಮಾಡುವ ಅದಲುಬದಲಿಗೆ ಸಲ್ಲುತ್ತದೆಯೇ ಹೊರತು, ರಚನಕಾರನೇ ಬಣ್ಣಕ್ಕಾಗಿ ಎರಡನೆಯ ಫ್ಲೂಗಲ್‌ಹಾರ್ನನ್ನು ಬರೆದಿಟ್ಟ ಸಂದರ್ಭಕ್ಕೆ ಸಲ್ಲುವುದಿಲ್ಲ; ಅಲ್ಲಿ ಹೆಚ್ಚುವರಿ ವಾದ್ಯವು ಎಲ್ಲ ಬ್ಯಾಂಡುಗಳಿಗೂ ಸಮನಾದ ಹೆಚ್ಚುವರಿ ಪರೀಕ್ಷೆಯೇ ಆಗುತ್ತದೆ.

ಆದುದರಿಂದ ಅನುಮತಿಯನ್ನು ಬ್ಯಾಂಡಿನ ಇಚ್ಛೆಗೆ ಬಿಡದೆ ಮುದ್ರಿತ ಕೃತಿಗೆ ಕಟ್ಟುವುದು ಹೆಚ್ಚು ನ್ಯಾಯವಾದ ದಾರಿ. ಹಾಗೆ ಮಾಡಿದಾಗ ಹೊಣೆಯ ಒಂದು ಪಾಲು ರಚನಕಾರನ ಮೇಜಿಗೂ ಬರುತ್ತದೆ: ವಾದಕನು ಕಾರ್ನೆಟ್ಟನ್ನು ಮಡಿಲಿಗಿಳಿಸಿ, ತಣ್ಣಗಿರುವ ಇನ್ನೊಂದಕ್ಕೆ ಉಸಿರು ತುಂಬಿಕೊಳ್ಳಲು ಬೇಕಾದಷ್ಟು ವಿರಾಮವನ್ನು ಅವನು ಆ ಸಾಲಿನಲ್ಲಿ ಬಿಟ್ಟಿರಬೇಕು.