ಮಿಶ್ರ ಕುಟುಂಬಗಳಲ್ಲಿ ಉಳಿದ ಇಟಾಲಿಯನ್: ಪರಂಪರೆಯ ಭಾಷೆ ಯಾವುದು?

ಪರಂಪರೆಯ ಭಾಷೆಯನ್ನು ಕುರಿತ ಅಧ್ಯಯನಗಳು ಸಾಮಾನ್ಯವಾಗಿ ಮನೆಯಲ್ಲಿ ಆ ಭಾಷೆಯನ್ನು ಕೇಳುತ್ತ ಬೆಳೆದವರನ್ನು ಗಮನಿಸುತ್ತವೆ. ಅಮೆರಿಕದಲ್ಲಿ ಇಟಾಲಿಯನ್ ಮೂಲದ ಅಜ್ಜಿಯನ್ನೋ ಅಜ್ಜನನ್ನೋ ಹೊಂದಿದ್ದು, ಐರಿಷ್ ಅಥವಾ ಪೋಲಿಷ್ ಮೂಲದ ಬಂಧುಗಳ ನಡುವೆ ಇಂಗ್ಲಿಷಿನಲ್ಲೇ ಬೆಳೆದವರ ಸ್ಥಿತಿ ಇದಕ್ಕಿಂತ ಭಿನ್ನವಾದುದು. ಇವರಿಗೆ ದಕ್ಕಿರುವುದು ಅಡುಗೆಯ, ಸಂಬೋಧನೆಯ, ಬೈಗುಳದ ಒಂದಿಷ್ಟು ಪದಗಳು ಮಾತ್ರ. ವಯಸ್ಕರಾದ ಮೇಲೆ ತಮ್ಮ ಇಟಾಲಿಯನ್ ಪರಂಪರೆಯನ್ನು ತಮ್ಮದಾಗಿಸಿಕೊಳ್ಳಲು ಇವರು ಭಾಷಾ ತರಗತಿಗೆ ಸೇರಿದಾಗ, ಆ ಪದಗಳನ್ನು ಅಶುದ್ಧವೆಂದು ತಿದ್ದುವುದುಂಟು. ಈ ತಿದ್ದುಪಡಿಗೆ ಭಾಷಾವೈಜ್ಞಾನಿಕ ಆಧಾರವಿದೆಯೇ ಎಂಬುದನ್ನು ನಾವಿಲ್ಲಿ ಪರಿಶೀಲಿಸುತ್ತೇವೆ.

ಅಮೆರಿಕದ 2000ರ ಜನಗಣತಿಯಲ್ಲಿ ಸುಮಾರು 1.57 ಕೋಟಿ ಜನರು ತಮ್ಮನ್ನು ಇಟಾಲಿಯನ್ ವಂಶದವರೆಂದು ದಾಖಲಿಸಿದರು. ಮನೆಯಲ್ಲಿ ಇಟಾಲಿಯನ್ ಆಡುವವರು ಸುಮಾರು 10 ಲಕ್ಷ ಮಾತ್ರ. ಈ ಅಂತರಕ್ಕೆ ತಲೆಮಾರುಗಳ ಸಹಜ ಭಾಷಾಪಲ್ಲಟವಲ್ಲದೆ ಬೇರೆ ಕಾರಣಗಳೂ ಇವೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೌರತ್ವ ಪಡೆಯದ ಇಟಾಲಿಯನ್ನರನ್ನು ಶತ್ರುದೇಶದವರೆಂದು ವರ್ಗೀಕರಿಸಲಾಗಿತ್ತು. ಇಟಾಲಿಯನ್ ಆಡಬಾರದೆಂದು ಭಿತ್ತಿಪತ್ರಗಳೂ ಪ್ರಕಟವಾಗಿದ್ದವು. ಭಾಷೆ ಹೋದ ಮೇಲೂ ಗುರುತು ಉಳಿಯುವ ಈ ಸ್ಥಿತಿಯನ್ನು ಹರ್ಬರ್ಟ್ ಗ್ಯಾನ್ಸ್ 1979ರಲ್ಲಿ 'ಸಾಂಕೇತಿಕ ಜನಾಂಗೀಯತೆ' ಎಂದು ಕರೆದರು. ಹಲವು ಮೂಲಗಳುಳ್ಳವರು ಅವುಗಳಲ್ಲಿ ಒಂದನ್ನು ಆಯ್ದುಕೊಳ್ಳುವ ಬಗೆಯನ್ನು ಮೇರಿ ವಾಟರ್ಸ್ 1990ರಲ್ಲಿ ವಿವರಿಸಿದರು. ಆಯ್ಕೆಯಾದ ಗುರುತಿಗೆ ಸೇರಿದ ಭಾಷೆ ಯಾವುದು ಎಂಬ ಪ್ರಶ್ನೆಗೆ ಉತ್ತರ ಮೇಲ್ನೋಟಕ್ಕೆ ತೋರುವಷ್ಟು ಸರಳವಲ್ಲ.

1880ರಿಂದ 1920ರ ವರೆಗೆ ಅಮೆರಿಕಕ್ಕೆ ಬಂದ ಸುಮಾರು 40 ಲಕ್ಷ ಇಟಾಲಿಯನ್ನರಲ್ಲಿ ಬಹುಪಾಲು ಜನರು ದಕ್ಷಿಣದ ಪ್ರಾಂತ್ಯಗಳವರು. 1861ರಲ್ಲಿ ಇಟಲಿ ಏಕೀಕರಣಗೊಂಡಾಗ ಶಿಷ್ಟ ಇಟಾಲಿಯನ್ ಬಲ್ಲವರು ನೂರಕ್ಕೆ 2.5ರಷ್ಟು ಮಾತ್ರ ಎಂದು ತುಲಿಯೊ ದೆ ಮೌರೊ ಅಂದಾಜಿಸಿದ್ದರು. ಅರಿಗೊ ಕಾಸ್ತೆಲ್ಲಾನಿ ಈ ಪ್ರಮಾಣವನ್ನು ನೂರಕ್ಕೆ ಸುಮಾರು 10ರ ವರೆಗೆ ಏರಿಸಿದರು. ಯಾವ ಅಂದಾಜನ್ನು ಒಪ್ಪಿದರೂ ವಲಸೆ ಬಂದವರ ಮನೆಮಾತು ನಪೊಲಿತಾನೊ, ಸಿಸಿಲಿಯನ್, ಕಲಾಬ್ರಿಯನ್ ಮೊದಲಾದವು ಎಂಬುದು ಸ್ಪಷ್ಟ. ಶಿಷ್ಟ ಭಾಷೆ ಟಸ್ಕನಿಯ ನುಡಿಯನ್ನು ಆಧರಿಸಿದ್ದು. ದಕ್ಷಿಣದ ನುಡಿಗಳು ಲ್ಯಾಟಿನ್ನಿನಿಂದ ಸ್ವತಂತ್ರವಾಗಿ ಬೆಳೆದವು. ಇವುಗಳ ನಡುವೆ ಇರುವುದು ಸೋದರ ಸಂಬಂಧ.

ಮೊಮ್ಮಕ್ಕಳ ಬಾಯಲ್ಲಿ ಉಳಿದಿರುವ ಪದಗಳು ಇದನ್ನು ದೃಢಪಡಿಸುತ್ತವೆ. ಶಿಷ್ಟ ಇಟಾಲಿಯನ್ನಿನ 'ಕಾಪೊಕೊಲ್ಲೊ' (ಉಪ್ಪು ಹಚ್ಚಿ ಹದಗೊಳಿಸಿದ ಹಂದಿಮಾಂಸ) ನ್ಯೂಜೆರ್ಸಿಯಲ್ಲಿ 'ಗಾಬಗೂಲ್' ಆಗಿದೆ. 'ರಿಕೊತ್ತ' ಎಂಬ ಗಿಣ್ಣು 'ರಿಗಾಟ್' ಆಗಿದೆ. ಪದಾಂತ್ಯ ಸ್ವರದ ಲೋಪಕ್ಕೆ ಕಾರಣ ನಪೊಲಿತಾನೊದಲ್ಲೇ ಇದೆ: ಅಲ್ಲಿ ಒತ್ತಿಲ್ಲದ ಪದಾಂತ್ಯ ಸ್ವರಗಳು ದುರ್ಬಲ ಕೇಂದ್ರಸ್ವರವಾಗಿ ಕುಗ್ಗುತ್ತವೆ, ಇಂಗ್ಲಿಷ್ ಪರಿಸರದಲ್ಲಿ ಅದೂ ಅಳಿಯಿತು. ಸ್ವರಮಧ್ಯದ ಅಘೋಷ ಸ್ಪರ್ಶಗಳು ಸಡಿಲಗೊಂಡು ಘೋಷದತ್ತ ವಾಲುವುದು ದಕ್ಷಿಣದ ಹಲವು ನುಡಿಗಳ ಲಕ್ಷಣ. ಇದಕ್ಕೆ ಇನ್ನೊಂದು ಅಂಶ ಸೇರುತ್ತದೆ. ಇಂಗ್ಲಿಷಿನ ಪದಾದಿಯ ಕಕಾರಕ್ಕೆ ಮಹಾಪ್ರಾಣದ ಛಾಯೆಯಿರುವುದರಿಂದ, ಅಲ್ಪಪ್ರಾಣದ ಕಕಾರ ಇಂಗ್ಲಿಷ್ ಕಿವಿಗೆ ಗಕಾರದಂತೆ ಕೇಳಿಸುತ್ತದೆ. 'ರಿಗಾಟ್' ಪದದಲ್ಲಿ ಒಂಟಿ ಕಕಾರ ಘೋಷವಾಗಿದೆ, ಆದರೆ ಮೂಲದಲ್ಲಿ ದ್ವಿತ್ವವಾಗಿದ್ದ ತಕಾರ ಅಘೋಷವಾಗಿಯೇ ಉಳಿದಿದೆ. ಬಾಯಿಗೆ ಬಂದಂತೆ ಕೆಡಿಸಿದ ಉಚ್ಚಾರಣೆಯಲ್ಲಿ ಇಂತಹ ವ್ಯವಸ್ಥೆ ಇರಲಾರದು.

ಅವರೆಕಾಳಿನ ಜಾತಿಯ ಕಾಳನ್ನು ಹೆಸರಿಸುವ 'ಫಝೂಲ್' ಮತ್ತೂ ಸ್ಪಷ್ಟವಾದ ನಿದರ್ಶನ. ಇದು ಶಿಷ್ಟ ರೂಪವಾದ 'ಫಜೋಲಿ'ಯ ಅಪಭ್ರಂಶವಲ್ಲ, ನಪೊಲಿತಾನೊದ 'ಫಸೂಲೆ'ಯ ಮುಂದುವರಿಕೆ. ಎರಡಕ್ಕೂ ಮೂಲ ಒಂದೇ ಲ್ಯಾಟಿನ್ ಪದ.

ಹೀಗಿರುವಾಗ ಪರಂಪರೆಯ ಕಲಿಕೆಗಾರ ಎಂಬ ಪರಿಕಲ್ಪನೆಯನ್ನೇ ಮರುಪರಿಶೀಲಿಸಬೇಕಾಗುತ್ತದೆ. ಗ್ವಾಡಲೂಪೆ ವಾಲ್ಡೆಸ್ ಅವರ ಪ್ರಸಿದ್ಧ ವ್ಯಾಖ್ಯೆಯು ಮನೆಭಾಷೆಯನ್ನು ಆಡಬಲ್ಲ, ಕನಿಷ್ಠ ಅರ್ಥಮಾಡಿಕೊಳ್ಳಬಲ್ಲ ಸಾಮರ್ಥ್ಯವನ್ನು ಅಪೇಕ್ಷಿಸುತ್ತದೆ. ಮಿಶ್ರ ಕುಟುಂಬದ ಮೊಮ್ಮಕ್ಕಳು ಈ ವ್ಯಾಖ್ಯೆಯ ಹೊರಗೆ ಉಳಿಯುತ್ತಾರೆ. ಅವರು ಕಲಿಯಹೊರಟ ಭಾಷೆಯೂ ಅಜ್ಜಿಯ ಭಾಷೆಯಲ್ಲ. ಇಟಲಿಯಲ್ಲಿಯೂ ಈ ನುಡಿಗಳಿಗೆ ರಾಷ್ಟ್ರಮಟ್ಟದ ರಕ್ಷಣೆ ದೊರೆತಿಲ್ಲ: ಹನ್ನೆರಡು ಅಲ್ಪಸಂಖ್ಯಾತ ಭಾಷೆಗಳನ್ನು ಮಾನ್ಯಮಾಡಿದ 1999ರ 482ನೆಯ ಕಾನೂನಿನಲ್ಲಿ ನಪೊಲಿತಾನೊ, ಸಿಸಿಲಿಯನ್ ಸೇರಿಲ್ಲ.

ಶಿಷ್ಟ ಇಟಾಲಿಯನ್ ಕಲಿಕೆಯನ್ನು ನಾವು ವಿರೋಧಿಸುತ್ತಿಲ್ಲ. ಇಂದಿನ ಇಟಲಿಯ ಬಂಧುಗಳೊಡನೆ ಮಾತನಾಡಲು, ಸಾಹಿತ್ಯವನ್ನು ಓದಲು ಅದು ಬೇಕೇ ಬೇಕು. ಆದರೆ 'ಗಾಬಗೂಲ್' ಎಂದ ವಿದ್ಯಾರ್ಥಿಗೆ ಅದು ತಪ್ಪೆಂದು ಹೇಳುವುದಕ್ಕೂ ಅದು ಬೇರೊಂದು ನುಡಿಯ ನಿಯಮಬದ್ಧ ರೂಪವೆಂದು ತೋರಿಸುವುದಕ್ಕೂ ಬಹಳ ವ್ಯತ್ಯಾಸವಿದೆ. ಮೊದಲನೆಯದು ಆತನ ಕುಟುಂಬದಲ್ಲಿ ಉಳಿದಿರುವ ಏಕೈಕ ಭಾಷಿಕ ಸಾಕ್ಷ್ಯವನ್ನು ಅಳಿಸುತ್ತದೆ. ಎರಡನೆಯದು ಪೂರ್ವಜರು ಯಾವ ಪ್ರಾಂತ್ಯದಿಂದ ಬಂದರೆಂಬ ಶೋಧಕ್ಕೆ ದಾರಿಯಾಗಬಲ್ಲದು. ಆದುದರಿಂದ ಇಂತಹ ಪದಗಳನ್ನು ತಿದ್ದುವ ಮೊದಲು ಕೇಳಿದಂತೆಯೇ ದಾಖಲಿಸಿಕೊಳ್ಳುವುದು ಅಗತ್ಯವೆಂದು ನಾವು ಭಾವಿಸುತ್ತೇವೆ.